ಖಿನ್ನತೆಯು ಈಮಾನಿನ ಕೊರತೆಯೇ?

ನಮ್ಮ ಅಣ್ಣನ ಹೊಲಿಗೆ ಯಂತ್ರದ ಸದ್ದು ನಿಂತದ್ದು ಮೂರು ವರ್ಷಗಳ ಹಿಂದೆ, ಹಿಂಗಾರು ಬಿತ್ತನೆಯ ದಿನಗಳಲ್ಲಿ. ಹುಲಕೋಟಿಯ ಸುತ್ತಲಿನ ಎರೆಹೊಲಗಳಲ್ಲಿ ಕಡಲೆ ಮತ್ತು ಬಿಳಿಜೋಳದ ಬಿತ್ತನೆ ಭರದಿಂದ ಸಾಗಿತ್ತು. ಗದಗಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯ ಬದಿಯಲ್ಲಿರುವ ಅವನ ಚಿಕ್ಕ ಅಂಗಡಿಯಲ್ಲಿ ಮದುವೆಯ ಬಟ್ಟೆಗಳು ರಾಶಿ ಬಿದ್ದಿದ್ದವು. ಅಣ್ಣನು ಯಂತ್ರದ ಮುಂದೆ ಕುಳಿತಿರುತ್ತಿದ್ದ, ಪಾದಗಳು ತುಳಿಹಲಗೆಯ ಮೇಲಿರುತ್ತಿದ್ದವು, ಆದರೆ ಯಂತ್ರ ತಿರುಗುತ್ತಿರಲಿಲ್ಲ. ಕತ್ತರಿಸಿಟ್ಟ ಅರಿವೆಯ ತುಂಡುಗಳನ್ನು ಅವನು ಗಂಟೆಗಟ್ಟಲೆ ನೋಡುತ್ತಿದ್ದ. ಕೆಲವು ವಾರಗಳ ನಂತರ ಅಂಗಡಿಗೆ ಹೋಗುವುದನ್ನೇ ಬಿಟ್ಟ. ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಹತ್ತುತ್ತಿರಲಿಲ್ಲ. ರೊಟ್ಟಿ ಮುರಿದು ತಟ್ಟೆಯಲ್ಲಿಯೇ ಬಿಟ್ಟು ಏಳುತ್ತಿದ್ದ.

ಯಾಕೆ ಎಂದು ನಾವೆಲ್ಲರೂ ಕೇಳಿದೆವು. ಸಾಲ ಇರಲಿಲ್ಲ, ಮನೆಯಲ್ಲಿ ಸಾವು ಸಂಭವಿಸಿರಲಿಲ್ಲ. ಮಗಳು ಆ ವರ್ಷ ಒಳ್ಳೆಯ ಅಂಕಗಳಿಂದ ಉತ್ತೀರ್ಣಳಾಗಿದ್ದಳು. ಇವನಿಗೆ ಯಾವುದರ ಕೊರತೆಯಿದೆ ಎಂದು ಬಂಧುಗಳು ಕೇಳುತ್ತಿದ್ದರು. ಆ ಪ್ರಶ್ನೆಯು ಸಾಂತ್ವನವೆಂದು ಅವರು ತಿಳಿದಿದ್ದರು, ನಾವೂ ಹಾಗೆಯೇ ತಿಳಿದಿದ್ದೆವು. ಅದು ಆರೋಪವೆಂಬುದು ಅಣ್ಣನ ಮುಖವನ್ನು ನೋಡಿದ್ದರೆ ನಮಗೆ ಗೊತ್ತಾಗಬೇಕಿತ್ತು.

ನಾವು ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇವೆ. ಮೊದಲು ಸಬ್ರ್ ಮಾಡು ಎಂದೆವು. ಆಮೇಲೆ ಐದು ಹೊತ್ತಿನ ನಮಾಝನ್ನು ಜಮಾಅತಿನೊಂದಿಗೆ ನಿರ್ವಹಿಸು, ಎಲ್ಲವೂ ಸರಿಹೋಗುತ್ತದೆ ಎಂದೆವು. ಅಮ್ಮಿಯು ಒಂದು ಗುರುವಾರ ಅವನನ್ನು ದರ್ಗಾಕ್ಕೆ ಕರೆದೊಯ್ದು ತೋಳಿಗೆ ತಾವೀಜು ಕಟ್ಟಿಸಿಕೊಂಡು ಬಂದರು. ಯಾರದೋ ನಜರ್ ತಗುಲಿದೆ ಎಂದರು ಒಬ್ಬರು. ಅಂಗಡಿ ಹುಣಿಸೆಮರದ ಹತ್ತಿರವಿರುವುದರಿಂದ ಸಾಯಾ ಹಿಡಿದಿದೆ ಎಂದರು ಇನ್ನೊಬ್ಬರು. ಸಂಬಂಧದಲ್ಲಿ ಹಿರಿಯರಾದ ಒಬ್ಬರು, ಈಮಾನು ಗಟ್ಟಿಯಾಗಿದ್ದವನಿಗೆ ಇಂತಹದ್ದು ಬರುವುದಿಲ್ಲ ಎಂದು ಅವನ ಎದುರಿಗೇ ಹೇಳಿದರು. ಅಣ್ಣ ಮರುಮಾತಾಡಲಿಲ್ಲ. ಮರುದಿನದಿಂದ ಅವನು ಮಸೀದಿಗೆ ಹೋಗುವುದನ್ನು ನಿಲ್ಲಿಸಿದ.

ಭಾಬಿಯು ಬಹಳ ಒತ್ತಾಯಿಸಿ ಕೇಳಿದಾಗ ಅವನು ಹೇಳಿದ ಮಾತು ಇಷ್ಟು: ಸಜ್ದಾದಲ್ಲಿ ಹಣೆ ಊರಿದರೂ ಏನೂ ಅನಿಸುವುದಿಲ್ಲ, ಕಲ್ಲಿನ ಮೇಲೆ ಕಲ್ಲಿಟ್ಟಂತಾಗುತ್ತದೆ. ಅಲ್ಲಾಹನು ನನ್ನನ್ನು ಕೈಬಿಟ್ಟಿದ್ದಾನೆ, ನಾನು ಅಲ್ಲಿ ನಿಲ್ಲಲು ಯೋಗ್ಯನಲ್ಲ. ಸಾಯುವುದು ಹರಾಮ್ ಎಂಬುದು ನನಗೆ ಗೊತ್ತು, ಆದರೆ ಬೆಳಿಗ್ಗೆ ಎಚ್ಚರವಾಗದಿದ್ದರೆ ಒಳ್ಳೆಯದು.

ಆ ಕೊನೆಯ ಮಾತನ್ನು ಭಾಬಿಯು ನಮಗೆ ಹೇಳಿದ್ದು ಎರಡು ದಿನ ತಡವಾಗಿ. ಅಂತಹ ಮಾತನ್ನು ಮನೆಯ ಹೊರಗೆ ಹೇಗೆ ಹೇಳುವುದು ಎಂದು ಅಂಜಿದ್ದರಂತೆ. ಯಾವ ಮನೆಯಲ್ಲಾದರೂ ಇಂತಹ ಮಾತು ಬಿದ್ದರೆ ಎರಡು ದಿನವೇಕೆ, ಎರಡು ಗಂಟೆಯೂ ಕಾಯಬಾರದೆಂದು ಈಗ ನಮಗೆ ಗೊತ್ತು.

ನಮ್ಮನ್ನು ವೈದ್ಯರ ಬಳಿಗೆ ಕಳಿಸಿದವರು ಬಂಧುಗಳಲ್ಲ, ನೆರೆಮನೆಯ ಗೌಡರು. ಅಂಗಿಯ ಅಳತೆ ಕೊಡುವ ನೆಪದಲ್ಲಿ ಬಂದವರು ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಅಮ್ಮಿಯ ಕಡೆಗೆ ತಿರುಗಿ ಮೆಲ್ಲನೆ ಹೇಳಿದರು: "ಅಮ್ಮಾರ, ನಮ್ಮ ಸಣ್ಣ ಹುಡುಗಗೂ ಹಿಂಗ ಆಗಿತ್ರಿ. ಊರಾಗ ಯಾರಿಗೂ ಹೇಳಿಲ್ಲ. ಧಾರವಾಡಕ್ಕ ಕರ್ಕೊಂಡು ಹೋಗಿ ಬಂದ್ವಿ. ಈಗ ಹೊಲಾ ಮಾಡಾಕತ್ತಾನ ನೋಡ್ರಿ."

ನಮ್ಮ ಸೀಮೆಯಲ್ಲಿ 'ಧಾರವಾಡಕ್ಕೆ ಕಳಿಸಬೇಕು' ಎಂಬ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆ ಅಲ್ಲಿದ್ದುದರಿಂದ ಆ ಊರಿನ ಹೆಸರೇ ಬೈಗುಳವಾಗಿತ್ತು. ಅದೇ ಆವರಣ ಇಂದು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಆಗಿದೆ. ಗೌಡರು ತಮ್ಮ ಮನೆಯ ಗುಟ್ಟನ್ನು ನಮ್ಮ ಮುಂದೆ ಬಿಚ್ಚಿಟ್ಟು ಆ ಬೈಗುಳದ ಹಲ್ಲನ್ನು ಕಿತ್ತುಹಾಕಿದರು. ನಾವು ಧಾರವಾಡದವರೆಗೆ ಹೋಗಬೇಕಾಗಲಿಲ್ಲ, ಗದಗಿನಲ್ಲಿಯೇ ಮನೋವೈದ್ಯರು ಸಿಕ್ಕರು. ನಮ್ಮ ಮಸೀದಿಯ ಪೇಶ್ ಇಮಾಮ್ ಸಾಹೇಬರು ಯಾರೂ ಕೇಳದೆಯೇ ನಮ್ಮೊಡನೆ ಬಂದು ಚೀಟಿಯ ಸಾಲಿನಲ್ಲಿ ಕುಳಿತರು. ಅಣ್ಣ ತಲೆ ತಗ್ಗಿಸಿ ಕುಳಿತಿದ್ದಾಗ ಅವರು ಸೂರಃ ಅದ್ದುಹಾ ಅವತೀರ್ಣವಾದ ಸಂದರ್ಭವನ್ನು ಹೇಳುತ್ತಾ ಹೋದರು. ವಹೀ ಕೆಲಕಾಲ ನಿಂತುಹೋದಾಗ, ನಿನ್ನ ಪ್ರಭುವು ನಿನ್ನನ್ನು ತೊರೆದನು ಎಂದು ವಿರೋಧಿಗಳು ಹಂಗಿಸಿದ್ದರು. ಆ ಹಂಗಿಕೆಗೆ ಉತ್ತರವಾಗಿ ಬಂದ ಅಧ್ಯಾಯವದು. ಎದೆಗೆ ಏನೂ ತಾಗದ ದಿನಗಳು ಪ್ರವಾದಿವರ್ಯರ(ಸ) ಬದುಕಿನಲ್ಲಿಯೂ ಬಂದಿದ್ದವು, ಕೈಬಿಟ್ಟದ್ದರ ಗುರುತು ಅದಲ್ಲ ಎಂದರು ಇಮಾಮರು. ಅಣ್ಣ ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ.

ವೈದ್ಯರು ಎಸ್ಸಿಟಾಲೊಪ್ರಾಮ್ ಎಂಬ ಗುಳಿಗೆಯನ್ನು ದಿನಕ್ಕೊಂದರಂತೆ ಬರೆದುಕೊಟ್ಟರು. ಎರಡು ವಾರ ಏನೂ ಬದಲಾವಣೆ ಕಾಣದಿರಬಹುದು, ಗಾಬರಿಯಾಗಬೇಡಿ, ನಿಲ್ಲಿಸಬೇಡಿ ಎಂದರು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ಚಡಪಡಿಕೆ ಹೆಚ್ಚುವುದು ಉಂಟು, ಮನೆಯವರು ಅವನನ್ನು ಒಂಟಿಯಾಗಿ ಬಿಡಬೇಡಿ ಎಂದೂ ಹೇಳಿದರು.

ಹದಿನಾಲ್ಕು ದಿನಗಳಾದರೂ ಅಣ್ಣ ಹಾಗೆಯೇ ಇದ್ದ. ಗುಳಿಗೆಯು ನಕಲಿಯಿರಬೇಕೆಂದು ಅಮ್ಮಿ ಸಂಶಯಪಟ್ಟರು. ಜ್ವರದ ಗುಳಿಗೆ ಗಂಟೆಯಲ್ಲಿ ಕೆಲಸ ಮಾಡುತ್ತದೆ, ಇದಕ್ಕೆ ತಿಂಗಳು ಏಕೆ ಬೇಕು? ಔಷಧ ವಿಜ್ಞಾನ ಓದುತ್ತಿರುವ ನಮ್ಮ ತಂಗಿಯ ಮಗನನ್ನು ಕೇಳಿದೆವು. ಅವನು ತನ್ನ ಪುಸ್ತಕಗಳನ್ನೇ ತಂದು ನಮ್ಮ ಮುಂದಿಟ್ಟ. ಮುಂದೆ ಬರೆಯುವುದೆಲ್ಲ ಅವನಿಂದ ಕಲಿತದ್ದು, ಬಳಿಕ ನಾವು ಓದಿಕೊಂಡದ್ದು. ನಮ್ಮ ಓದಿನ ಮಿತಿಯನ್ನು ಬಲ್ಲ ವೈದ್ಯ ಓದುಗರು ತಿದ್ದಿದರೆ ಸಂತೋಷ.

ಮೆದುಳಿನ ಒಂದು ನರಕೋಶವು ಇನ್ನೊಂದನ್ನು ನೇರವಾಗಿ ಮುಟ್ಟುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂದರವಿದೆ. ಈ ಬದಿಯ ಕೋಶವು ಸೆರೊಟೋನಿನ್, ಡೋಪಮೈನ್, ಗ್ಲುಟಮೇಟ್ ಮುಂತಾದ ರಾಸಾಯನಿಕಗಳನ್ನು ಕಂದರಕ್ಕೆ ಬಿಡುತ್ತದೆ. ಆ ಬದಿಯ ಕೋಶದ ಮೈಮೇಲೆ ಅವನ್ನು ಹಿಡಿಯುವ ಪ್ರೋಟೀನುಗಳಿವೆ. ಇಂಗ್ಲಿಷಿನಲ್ಲಿ ರಿಸೆಪ್ಟರ್ ಎನ್ನುವ ಇವನ್ನು ಕನ್ನಡದಲ್ಲಿ ಗ್ರಾಹಿ ಎನ್ನೋಣ. ಸೆರೊಟೋನಿನ್ ಒಂದಕ್ಕೇ ಏಳು ಕುಟುಂಬಗಳಲ್ಲಿ ಹದಿನಾಲ್ಕು ಬಗೆಯ ಗ್ರಾಹಿಗಳಿವೆ, ಡೋಪಮೈನಿಗೆ ಐದು. ಒಂದೇ ಸಂದೇಶವು ಒಂದು ಗ್ರಾಹಿಯಲ್ಲಿ ಕೋಶವನ್ನು ಎಚ್ಚರಿಸುತ್ತದೆ, ಇನ್ನೊಂದರಲ್ಲಿ ಮಲಗಿಸುತ್ತದೆ. ಕೆಲಸ ಮುಗಿದ ಮೇಲೆ ಸೆರೊಟೋನಿನ್ ಬಂದ ದಾರಿಯಲ್ಲೇ ಹಿಂದಕ್ಕೆ ಹೀರಲ್ಪಡುತ್ತದೆ. ಅಣ್ಣನ ಗುಳಿಗೆಯು ಈ ಮರುಹೀರಿಕೆಯನ್ನು ತಡೆಯುವಂಥದ್ದು, ಮತ್ತು ಆ ತಡೆ ಕೆಲವೇ ಗಂಟೆಗಳಲ್ಲಿ ಆರಂಭವಾಗುತ್ತದೆ.

ಹಾಗಿದ್ದರೆ ತಡವೇಕೆ? ಸೆರೊಟೋನಿನ್ನನ್ನು ತಯಾರಿಸುವ ಕೋಶಗಳ ಮೈಮೇಲೆಯೇ ಒಂದು ಬಗೆಯ ಗ್ರಾಹಿಯಿದೆ. ಅದರ ಹೆಸರು 5-ಎಚ್‌ಟಿ1ಎ. ಅದರ ಕೆಲಸ ಕೆರೆಯ ನೀರಗಂಟಿಯ ಕೆಲಸವಿದ್ದಂತೆ. ನಮ್ಮ ಜಿಲ್ಲೆಯ ಡಂಬಳದ ಕೆರೆಯನ್ನು ನೋಡಿದವರು ಇದನ್ನು ಬೇಗ ಗ್ರಹಿಸಬಲ್ಲರು. ಕಾಲುವೆಯಲ್ಲಿ ನೀರು ಏರಿದರೆ ನೀರಗಂಟಿಯು ತೂಬು ಇಳಿಸುತ್ತಾನೆ. ಗುಳಿಗೆಯಿಂದ ಸೆರೊಟೋನಿನ್ ಏರಿದ್ದನ್ನು ಕಂಡ ಈ ಗ್ರಾಹಿಯು, ಸಾಕು ನಿಲ್ಲಿಸು ಎಂದು ತನ್ನ ಕೋಶಕ್ಕೆ ಸೂಚಿಸುತ್ತದೆ. ಕೋಶ ತೆಪ್ಪಗಾಗುತ್ತದೆ. ಒಂದು ಕಡೆ ಕಟ್ಟಿದ್ದನ್ನು ಇನ್ನೊಂದು ಕಡೆ ಬಿಟ್ಟಂತಾಗಿ ಹೊಲಕ್ಕೆ ನೀರು ಮುಟ್ಟುವುದೇ ಇಲ್ಲ. ಎರಡು ಮೂರು ವಾರ ನೀರು ಅದೇ ಮಟ್ಟದಲ್ಲಿ ನಿಂತರೆ ನೀರಗಂಟಿಗೆ ಅದು ರೂಢಿಯಾಗುತ್ತದೆ, ಅವನ ಕೈ ಸಡಿಲವಾಗುತ್ತದೆ, ಕೋಶವು ಮತ್ತೆ ಮಿಡಿಯತೊಡಗುತ್ತದೆ. ಇದು ಒಂದು ಪ್ರಮುಖ ವಿವರಣೆ, ಪೂರ್ಣ ಕಥೆಯಲ್ಲ. ಕೋಶಗಳ ನಡುವೆ ಹೊಸ ಸಂಪರ್ಕಗಳು ಬೆಳೆಯಲು ತಗಲುವ ಕಾಲವೂ ಇದರಲ್ಲಿ ಸೇರಿದೆ ಎನ್ನುತ್ತಾರೆ. ನೀರಗಂಟಿಯ ಕೈಯನ್ನೇ ಮೊದಲು ಹಿಡಿದರೆ ಹೇಗೆ ಎಂದು ಸ್ಪೇನಿನ ಬಾರ್ಸಿಲೋನಾದ ಫ್ರಾನ್ಸೆಸ್ಕ್ ಆರ್ಟಿಗಾಸ್ ಮತ್ತು ಸಂಗಡಿಗರು 1994ರಲ್ಲಿ ಪಿಂಡೊಲೋಲ್ ಎಂಬ ರಕ್ತದೊತ್ತಡದ ಔಷಧಿಯನ್ನು ಜೊತೆಗೆ ಕೊಟ್ಟು ನೋಡಿದರು. ಕೆಲವರಿಗೆ ಬೇಗ ಗುಣ ಕಂಡಿತು. ಅನಂತರದ ಪ್ರಯೋಗಗಳ ಫಲ ಮಿಶ್ರವಾಗಿಯೇ ಉಳಿಯಿತು.

ಅಮ್ಮಿಗೆ ನೀರಗಂಟಿಯ ಕಥೆಯನ್ನು ಹೇಳಿದೆವು. ಅವರ ತವರು ಕೆರೆಯೂರು. ತೂಬಿನ ಮುಂದೆ ಕುಳಿತು ಜಗಳವಾಡಿದರೆ ನೀರು ಬೇಗ ಬರುವುದಿಲ್ಲ ಎಂದು ಹೇಳಿ ಅವರು ಸುಮ್ಮನಾದರು. ಅಂದಿನಿಂದ ಗುಳಿಗೆಯ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಅವರೇ ವಹಿಸಿಕೊಂಡರು. ನಾವು ಅಣ್ಣನಿಗೆ ಮಾಡು ಮಾಡು ಎಂದು ಹೇಳುತ್ತಿದ್ದ ಸಬ್ರ್ ಅವನ ಪಾಲಿನದಾಗಿರಲಿಲ್ಲ. ಆ ಮೂರು ವಾರಗಳ ಸಬ್ರ್ ನಮ್ಮ ಪಾಲಿನದಾಗಿತ್ತು. ಹಾಸಿಗೆ ಹಿಡಿದವನಿಂದ ಅದನ್ನು ವಸೂಲಿ ಮಾಡಲು ಹೊರಟಿದ್ದೆವು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಖಿನ್ನತೆಯೆಂದರೆ ಸೆರೊಟೋನಿನ್ ಕಡಿಮೆಯಾಗುವುದು, ಗುಳಿಗೆಯು ಅದನ್ನು ತುಂಬುತ್ತದೆ ಎಂದು ಹಲವರು ಹೇಳುವುದುಂಟು. ನಾವೂ ಮೊದಲು ಹಾಗೆಯೇ ತಿಳಿದಿದ್ದೆವು. ಈ ತಿಳಿವಳಿಕೆಯ ಬೇರು ಒಂದು ಭಾಗದಲ್ಲಿ ನಮ್ಮ ದೇಶದಲ್ಲಿಯೇ ಇದೆ. ಸರ್ಪಗಂಧದ ಬೇರಿನ ಗುಣಗಳ ಕುರಿತು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿ ಬರೆದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ರಕ್ತದೊತ್ತಡಕ್ಕಾಗಿ ಅದನ್ನು ಸೇವಿಸಿದ ಕೆಲವರು ಖಿನ್ನತೆಗೆ ಜಾರಿದರೆಂದು ವೈದ್ಯರು ವರದಿ ಮಾಡಿದರು. ಅದು ಮೆದುಳಿನಲ್ಲಿ ಸೆರೊಟೋನಿನ್ ಮತ್ತು ಅದರ ಬಂಧುಗಳ ಸಂಗ್ರಹವನ್ನು ಬರಿದು ಮಾಡುತ್ತದೆಂದು ಆಮೇಲೆ ತಿಳಿಯಿತು. ಅದೇ 1952ರ ಹೊತ್ತಿಗೆ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೊನಿಯಾಜಿಡ್ ಎಂಬ ಔಷಧಿ ಕೊಟ್ಟಾಗ, ಶ್ವಾಸಕೋಶದ ರೋಗಕ್ಕಿಂತ ಮುಂಚೆ ಅವರ ಮನಸ್ಸು ಅರಳಿತು. ಹಾಸಿಗೆ ಹಿಡಿದವರು ವಾರ್ಡಿನಲ್ಲಿ ಕುಣಿದಾಡಿದರು. ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ ಬೇರೆ ರೋಗಕ್ಕೆಂದು ಬಂದಿದ್ದ ಇಮಿಪ್ರಮೈನಿನ ಗುಣವನ್ನು ಗುರುತಿಸಿ 1957ರಲ್ಲಿ ಪ್ರಕಟಿಸಿದರು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಔಷಧ ಚರಿತ್ರೆಯನ್ನು ಓದುವಾಗ ಮನುಷ್ಯನ ಜಾಣತನಕ್ಕಿಂತ ಅಲ್ಲಾಹನ ಔದಾರ್ಯವೇ ನಮಗೆ ಹೆಚ್ಚಾಗಿ ಎದ್ದು ಕಂಡಿತು.

ಆದರೆ 'ಕೊರತೆ'ಯ ಲೆಕ್ಕ ಅಷ್ಟು ಸುಲಭವಾಗಿ ಕೂಡಿಬರಲಿಲ್ಲ. ಖಿನ್ನತೆಯು ಸೆರೊಟೋನಿನ್ ಕಡಿಮೆಯಾದುದರಿಂದ ಬರುತ್ತದೆಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲವೆಂದು 2022ರಲ್ಲಿ ಲಂಡನ್ನಿನ ಜೋನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಬರೆದರು. ಅದನ್ನು ಓದಿದ ನಮ್ಮ ಪರಿಚಿತರೊಬ್ಬರು, ನೋಡಿದಿರಾ, ಗುಳಿಗೆಯೆಲ್ಲ ಮೋಸ ಎಂದರು. ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ತಲೆನೋವು ಪ್ಯಾರಾಸಿಟಮಾಲಿನ ಕೊರತೆಯಿಂದ ಬರುವುದಿಲ್ಲ, ಆದರೂ ಗುಳಿಗೆಯಿಂದ ನೋವು ಇಳಿಯುತ್ತದೆ. ಔಷಧಿಯು ಕೆಲಸ ಮಾಡುವುದು ಬೇರೆ, ರೋಗ ಏಕೆ ಬಂತೆಂಬುದು ಬೇರೆ. 2021ರಲ್ಲಿ ಫಿನ್ಲೆಂಡಿನ ಈರೋ ಕಾಸ್ಟ್ರೇನ್ ಅವರ ತಂಡವು, ಈ ಗುಳಿಗೆಗಳು ನರಕೋಶಗಳ ಬೆಳವಣಿಗೆಗೆ ಸಂಬಂಧಿಸಿದ ಟಿಆರ್‌ಕೆ-ಬಿ ಎಂಬ ಬೇರೆಯದೇ ಗ್ರಾಹಿಗೆ ನೇರವಾಗಿ ಅಂಟಿಕೊಳ್ಳುತ್ತವೆಂದು ತೋರಿಸಿತು. ಪಾತ್ರೆಯಲ್ಲಿ ಎಷ್ಟು ನೀರಿದೆ ಎಂಬ ಪ್ರಶ್ನೆಯಿಂದ ವಿಜ್ಞಾನವು ತೂಬುಗಳ ಪ್ರಶ್ನೆಗೆ ಬಂದಿದೆ.

ನಮ್ಮ ಮನಸ್ಸನ್ನು ಬಹುವಾಗಿ ಸೆಳೆದ ಸಂಗತಿ ಇದರಾಚೆಗಿನದು. ಗ್ರಾಹಿಗಳು ಒಂಟಿಯಾಗಿ ನಿಂತಿರುತ್ತವೆಂದು ಬಹುಕಾಲ ನಂಬಲಾಗಿತ್ತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಶೆಲ್ ಫುಕ್ಸೆ ಮತ್ತು ಇಟಲಿಯ ಲುಯಿಜಿ ಅನ್ಯಾತಿ ಅವರು, ಪಕ್ಕಪಕ್ಕದ ಗ್ರಾಹಿಗಳು ಪರಸ್ಪರ ಪ್ರಭಾವ ಬೀರುತ್ತವೆ, ಒಂದನ್ನು ಮುಟ್ಟಿದರೆ ಇನ್ನೊಂದರ ಹಿಡಿತ ಬದಲಾಗುತ್ತದೆ ಎಂದರು. ಎರಡು ಗ್ರಾಹಿಗಳು ಮೈಗೆ ಮೈ ಬೆಸೆದುಕೊಂಡು ಜೋಡಿಯಾದಾಗ, ಅವು ಒಂಟಿಯಾಗಿದ್ದಾಗ ಕೊಡದ ಮೂರನೆಯ ಬಗೆಯ ಸಂಕೇತವನ್ನು ಕೋಶದೊಳಕ್ಕೆ ಕಳಿಸುತ್ತವೆ. ನೊಗಕ್ಕೆ ಹೂಡಿದ ಎರಡು ಎತ್ತುಗಳನ್ನು ನೆನೆಯಿರಿ. ಬಿಟ್ಟರೆ ಒಂದು ಹುಲ್ಲಿನ ಕಡೆಗೆ ಹೋಗುತ್ತದೆ, ಇನ್ನೊಂದು ನೀರಿನ ಕಡೆಗೆ. ಹೂಡಿದರೆ ಎರಡೂ ಒಂದೇ ಸಾಲಿನಲ್ಲಿ ನಡೆಯಬೇಕು. ಆ ನಡಿಗೆ ಎರಡರಲ್ಲಿ ಯಾವುದರ ಸ್ವಂತ ನಡಿಗೆಯೂ ಅಲ್ಲ.

ಡೋಪಮೈನಿನ ಗ್ರಾಹಿಗಳಲ್ಲಿ ಡಿ1 ಮತ್ತು ಡಿ2 ಎಂಬೆರಡು ಹೀಗೆ ಜೋಡಿಯಾಗುತ್ತವೆ. ಕೆನಡಾದ ಟೊರಾಂಟೋದಲ್ಲಿ ಫಾಂಗ್ ಲಿಯು ಅವರ ತಂಡವು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಖಿನ್ನತೆಯಿಂದ ಬಳಲಿ ಮೃತಪಟ್ಟವರ ಮೆದುಳುಗಳಲ್ಲಿ ಈ ಜೋಡಿ ಇತರರಿಗಿಂತ ಹೆಚ್ಚಾಗಿ ಕಂಡುಬಂದಿತು. ಅವರು ಯಾವ ಗ್ರಾಹಿಯನ್ನೂ ಮುಚ್ಚಲು ಹೋಗಲಿಲ್ಲ. ಎರಡೂ ಬೆಸೆಯುವ ಜಾಗದ ಅಚ್ಚಿನಂತಿರುವ ಒಂದು ಚಿಕ್ಕ ಪ್ರೋಟೀನು ತುಣುಕನ್ನು, ಅಂದರೆ ಪೆಪ್ಟೈಡನ್ನು, ತಯಾರಿಸಿ ಇಲಿಗಳಿಗೆ ಕೊಟ್ಟರು. ಅದು ನಡುವೆ ನುಸುಳಿ ಜೋಡಿಯನ್ನು ಬಿಡಿಸಿತು. ಎತ್ತುಗಳಿಗೆ ಪೆಟ್ಟು ಬೀಳಲಿಲ್ಲ, ನೊಗದ ಹಗ್ಗವನ್ನು ಮಾತ್ರ ಬಿಚ್ಚಿದಂತಾಯಿತು.

ಫಲವನ್ನು ಅಳೆದ ಬಗೆಯನ್ನು ಓದಿದಾಗ ನಮಗೆ ಕಸಿವಿಸಿಯಾಯಿತು. ಇಲಿಯನ್ನು ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಬಿಡುತ್ತಾರೆ. ಹೊರಬರಲು ದಾರಿಯಿಲ್ಲ. ಮೊದಲು ಅದು ಈಜುತ್ತದೆ, ಗೋಡೆ ಕೆರೆಯುತ್ತದೆ, ಆಮೇಲೆ ಕೈಕಾಲು ಬಿಟ್ಟು ಸುಮ್ಮನೆ ತೇಲುತ್ತದೆ. ಎಷ್ಟು ಹೊತ್ತು ತೇಲಿತೆಂಬುದನ್ನು ಎಣಿಸುತ್ತಾರೆ. ಪೆಪ್ಟೈಡ್ ಪಡೆದ ಇಲಿಗಳು ಹಳೆಯ ಔಷಧಿಯಾದ ಇಮಿಪ್ರಮೈನ್ ಪಡೆದವುಗಳಂತೆ ಹೆಚ್ಚು ಹೊತ್ತು ಈಜಿದವು. ಗೋಡೆಗೆ ಮುಖ ಮಾಡಿ ಮಲಗಿದ ಅಣ್ಣನ ಬೆನ್ನು ನಮ್ಮ ಕಣ್ಣ ಮುಂದೆ ಬಂತು. ತೇಲುತ್ತಿರುವ ಇಲಿಗೆ ಯಾರೂ ಈಮಾನಿನ ಪಾಠ ಹೇಳುವುದಿಲ್ಲ.

ಈ ಪೆಪ್ಟೈಡ್ ಇಂದಿಗೂ ಔಷಧಿ ಅಂಗಡಿಗೆ ಬಂದಿಲ್ಲ. ಪ್ರೋಟೀನು ತುಣುಕನ್ನು ನುಂಗಿದರೆ ಹೊಟ್ಟೆಯೇ ಅದನ್ನು ಜೀರ್ಣಿಸಿಬಿಡುತ್ತದೆ. ಆದುದರಿಂದ ಅದೇ ತಂಡದವರು ಅದನ್ನು ಮೂಗಿನ ಮೂಲಕ ಕೊಟ್ಟು ಇಲಿಗಳಲ್ಲಿ ಪರೀಕ್ಷಿಸಿದರು. ಡಿ1-ಡಿ2 ಜೋಡಿಯು ಮೆದುಳಿನಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದರಲ್ಲಿಯೇ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಇಲಿಯ ಈಜಿನಿಂದ ಮನುಷ್ಯನ ಅಳಲಿನವರೆಗೆ ದಾರಿ ಬಹಳ ಉದ್ದವಿದೆ. ಇನ್ನೊಂದು ದಾರಿ ಮಾತ್ರ ಆಸ್ಪತ್ರೆಯನ್ನು ತಲುಪಿದೆ. ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೆ ದಶಕಗಳಿಂದ ಬಳಸುತ್ತಿರುವ ಕೆಟಮೈನ್, ಗ್ಲುಟಮೇಟಿನ ಎನ್‌ಎಂಡಿಎ ಎಂಬ ಗ್ರಾಹಿಯನ್ನು ತಡೆಯುತ್ತದೆ. ಅದರ ಸಣ್ಣ ಪ್ರಮಾಣವು ಖಿನ್ನತೆಯನ್ನು ವಾರಗಳಲ್ಲಿ ಅಲ್ಲ, ಗಂಟೆಗಳಲ್ಲಿ ಇಳಿಸಬಲ್ಲದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2000ದಲ್ಲಿ ವರದಿ ಮಾಡಿದರು. ಅದರದೇ ರೂಪಾಂತರವಾದ ಎಸ್‌ಕೆಟಮೈನ್ ಮೂಗಿನ ಸಿಂಪಡಿಕೆಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೇರೆ ಗುಳಿಗೆಗಳಿಗೆ ಬಗ್ಗದ ಖಿನ್ನತೆಗೆ, ವೈದ್ಯರ ಕಣ್ಣೆದುರಿನಲ್ಲಿ ಮಾತ್ರ ಕೊಡುವ ಔಷಧಿಯದು. ಅದರ ಪರಿಣಾಮ ಬಹುಕಾಲ ನಿಲ್ಲುವುದಿಲ್ಲ, ಚಟದ ಅಪಾಯವೂ ಇದೆ. ಆದುದರಿಂದ ಮನೆಮದ್ದಿನಂತೆ ಯಾರೂ ಅದನ್ನು ಯೋಚಿಸಬಾರದು.

ಔಷಧಿ ಸೇವಿಸುವುದು ತವಕ್ಕುಲಿಗೆ ವಿರುದ್ಧವೆಂದು ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಸಕ್ಕರೆ ಕಾಯಿಲೆಗೆ, ಎದೆನೋವಿಗೆ ಅವರು ಹಾಗೆ ಹೇಳುವುದಿಲ್ಲ, ಮನಸ್ಸಿನ ಕಾಯಿಲೆಗೆ ಮಾತ್ರ ಹೇಳುತ್ತಾರೆ. ಮರುಭೂಮಿಯ ಅಅ್‌ರಾಬಿಗಳು ಬಂದು, ನಾವು ಚಿಕಿತ್ಸೆ ಪಡೆಯಬೇಕೇ ಎಂದು ಪ್ರವಾದಿವರ್ಯರಲ್ಲಿ(ಸ) ಕೇಳಿದಾಗ, ಪಡೆಯಿರಿ ಎಂದೇ ಅವರು ಆದೇಶಿಸಿದರು. ಅಲ್ಲಾಹನು ಮುಪ್ಪೊಂದನ್ನು ಬಿಟ್ಟು ಪ್ರತಿಯೊಂದು ರೋಗಕ್ಕೂ ಶಮನವನ್ನು ಇಟ್ಟಿದ್ದಾನೆಂದು ತಿಳಿಸಿದರು. ಆ ಮಾತಿನಲ್ಲಿ ದೇಹದ ರೋಗ, ಮನಸ್ಸಿನ ರೋಗ ಎಂಬ ವಿಭಜನೆಯಿಲ್ಲ. ದುಃಖದಲ್ಲಿದ್ದವರಿಗೆ ಹ. ಆಯಿಶಾ(ರ) ಅವರು ಜವೆಗೋಧಿಯ ಹಿಟ್ಟಿನ ತಲ್ಬೀನಾ ಗಂಜಿಯನ್ನು ಮಾಡಿಸಿ ಕುಡಿಸುತ್ತಿದ್ದರು, ಅದು ಹೃದಯಕ್ಕೆ ನೆಮ್ಮದಿ ಕೊಡುತ್ತದೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದಾಗಿ ಹೇಳುತ್ತಿದ್ದರು. ಅಳುವವರಿಗೆ ಉಪದೇಶದ ಬದಲು ಬಿಸಿ ಗಂಜಿಯ ಬಟ್ಟಲು! ಇದು ನಮಗೆ ಮೊದಲೇ ಹೊಳೆಯಬೇಕಿತ್ತು.

ಪ್ರವಾದಿ ಯಾಕೂಬ್(ಅ) ಅವರ ವೃತ್ತಾಂತವನ್ನು ನಾವು ಎಷ್ಟು ಸಲ ಓದಿಲ್ಲ! ಮಗನ ಅಗಲಿಕೆಯಲ್ಲಿ ಅವರ ಕಣ್ಣುಗಳು ಬೆಳ್ಳಗಾದವು. ಸುಂದರವಾದ ಸಹನೆಯನ್ನು ಸಂಕಲ್ಪಿಸಿದವರೂ ಅವರೇ, ದೃಷ್ಟಿ ಹೋಗುವಷ್ಟು ಕೊರಗಿದವರೂ ಅವರೇ. ಸಹನೆ ಇದ್ದಲ್ಲಿ ಶೋಕ ಇರಬಾರದೆಂದು ಕುರ್‌ಆನ್ ಎಲ್ಲಿಯೂ ಹೇಳಲಿಲ್ಲ. ಆದರೆ ಯಾಕೂಬರ(ಅ) ಶೋಕಕ್ಕೆ ಕಾರಣವಿತ್ತು. ನಮ್ಮ ಅಣ್ಣನ ಶೋಕಕ್ಕೆ ಇರಲಿಲ್ಲ. ಆ ತೊಡಕನ್ನು ಬಿಡಿಸಿದವರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಬ್ಬ ಮುಸ್ಲಿಮ್ ವಿದ್ವಾಂಸರು. ಕ್ರಿ.ಶ. 934ರಲ್ಲಿ ನಿಧನರಾದ, ಬಲ್ಖ್ ಪ್ರಾಂತದ ಅಬೂ ಝೈದ್ ಅಲ್ ಬಲ್ಖಿ ಅವರು ದೇಹ ಮತ್ತು ಆತ್ಮಗಳ ಹಿತವನ್ನು ಕುರಿತ ತಮ್ಮ ಗ್ರಂಥದಲ್ಲಿ ದುಃಖವನ್ನು ಎರಡಾಗಿ ವಿಂಗಡಿಸಿದರು. ಒಂದು, ಕಳೆದುಕೊಂಡದ್ದು ಏನೆಂದು ತಿಳಿದಿರುವ ದುಃಖ. ಇನ್ನೊಂದು, ಕಾರಣವೇ ಕಾಣದ ದುಃಖ. ಎರಡನೆಯದು ದೇಹದಿಂದ ಹುಟ್ಟುವಂಥದ್ದು, ಅದಕ್ಕೆ ದೇಹದ ಚಿಕಿತ್ಸೆ ಬೇಕು ಎಂದರು. ರಕ್ತದ ಕಲ್ಮಶವೆಂದು ಅವರು ಕೊಟ್ಟ ಕಾರಣವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಅವರ ವಿಂಗಡಣೆಯನ್ನು ನಮ್ಮ ಆ ಹಿರಿಯ ಬಂಧು ತಿಳಿದಿದ್ದರೆ, ಇವನಿಗೆ ಯಾವುದರ ಕೊರತೆಯಿದೆ ಎಂಬ ಪ್ರಶ್ನೆ ನಮ್ಮ ಪಡಸಾಲೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

ನಾಲ್ಕನೆಯ ವಾರದಿಂದ ಅಣ್ಣನಿಗೆ ನಿದ್ರೆ ಮರಳಿತು. ಆಮೇಲೆ ಹಸಿವು. ಕಡಲೆ ಕಟಾವಿನ ಹೊತ್ತಿಗೆ ಅಂಗಡಿಯ ಬಾಗಿಲು ದಿನಕ್ಕೆ ಒಂದೆರಡು ಗಂಟೆ ತೆರೆಯಿತು. ವೈದ್ಯರು ಮಾತಿನ ಚಿಕಿತ್ಸೆಯನ್ನೂ ಜೊತೆಗೆ ನಡೆಸಿದ್ದರು. ಇಷ್ಟು ಹೊತ್ತಿಗೆ ರಮಝಾನ್ ಬಂತು. ಇಲ್ಲಿಯೇ ನಾವು ಎರಡನೆಯ ತಪ್ಪು ಮಾಡಿದೆವು. ಬೆಳಗಿನ ತಿಂಡಿಯ ಬಳಿಕ ನುಂಗುತ್ತಿದ್ದ ಗುಳಿಗೆಯನ್ನು ಉಪವಾಸದಲ್ಲಿ ಹೇಗೆ ನುಂಗುವುದು? ಅಣ್ಣನೇ ನಿಲ್ಲಿಸಿದ. ಗುಣವಾಗಿದೆಯಲ್ಲ, ಪವಿತ್ರ ತಿಂಗಳಿನ ಬರಕತ್ತೇ ಸಾಕು ಎಂದು ನಾವೂ ತಲೆಯಾಡಿಸಿದೆವು. ವೈದ್ಯರನ್ನು ಕೇಳಲಿಲ್ಲ. ಮೂರನೆಯ ದಿನ ತಲೆ ಸುತ್ತು ಶುರುವಾಯಿತು, ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ ಎಂದ. ಎರಡನೆಯ ವಾರಕ್ಕೆ ನಿದ್ರೆ ಹಾರಿತು. ಈದ್‌ಗಾಹದಲ್ಲಿ ಎಲ್ಲರೂ ಅಪ್ಪಿಕೊಳ್ಳುತ್ತಿದ್ದಾಗ ಅವನು ಚಪ್ಪಲಿಗಳ ಬಳಿ ಒಬ್ಬನೇ ನಿಂತಿದ್ದ. ಗಿರಾಕಿಯೊಬ್ಬರು ಹಬ್ಬಕ್ಕೆಂದು ಕೊಟ್ಟ ಜುಬ್ಬಾದ ಅರಿವೆ ಕತ್ತರಿಸದೆಯೇ ಉಳಿಯಿತು.

ವೈದ್ಯರು ಬೈಯಲಿಲ್ಲ, ನೊಂದುಕೊಂಡರು. ದಿನಕ್ಕೊಂದೇ ಗುಳಿಗೆ, ಇಫ್ತಾರಿನ ಬಳಿಕ ತೆಗೆದುಕೊಂಡಿದ್ದರೆ ಆಗುತ್ತಿತ್ತು, ಒಂದು ಮಾತು ಕೇಳಬಾರದಿತ್ತೇ ಎಂದರು. ಇಂತಹ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಬಾರದು, ಇಳಿಸುವುದಿದ್ದರೆ ಮೆಲ್ಲಮೆಲ್ಲನೆ ಇಳಿಸಬೇಕು. ಇನ್ನು ರೋಗಿಗೆ ಉಪವಾಸವೇ ತ್ರಾಸವಾದರೆ, ಬೇರೆ ದಿನಗಳಲ್ಲಿ ಪೂರೈಸಲು ಪವಿತ್ರ ಕುರ್‌ಆನ್ ಸೂರಃ ಅಲ್ ಬಕರದಲ್ಲಿಯೇ ರಿಯಾಯಿತಿ ಕೊಟ್ಟಿದೆ. ಇಮಾಮ್ ಸಾಹೇಬರು ಮುಂದಿನ ಜುಮಾದ ಬಯಾನಿನಲ್ಲಿ ಯಾರ ಹೆಸರನ್ನೂ ಹೇಳದೆ ಈ ಮಾತನ್ನೆತ್ತಿದರು. ನಮಾಝಿನ ಬಳಿಕ ಇಬ್ಬರು ಅವರನ್ನು ಮೂಲೆಗೆ ಕರೆದು ಪಿಸುಮಾತಿನಲ್ಲಿ ಏನೋ ಕೇಳುತ್ತಿದ್ದರು.

ನಮ್ಮ ಮನೆಯೊಂದರ ಮಾತೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಅನುಭವಿಸಿರುತ್ತಾರೆ. ಜುಮಾದ ಸಾಲುಗಳಲ್ಲಿ ಎಷ್ಟು ಮಂದಿ ಎಂದು ಯಾರೂ ಎಣಿಸಿಕೊಳ್ಳಬಹುದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮನಸ್ಸಿನ ಕಾಯಿಲೆಗೂ ಔಷಧಿ ಸಿಗಬೇಕೆಂಬ ಯೋಜನೆಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮೊದಲು ಪ್ರಯೋಗಿಸಿ ನೋಡಿದ್ದು ದೂರದಲ್ಲೇನಲ್ಲ, ಆಗ ನಮ್ಮ ನೆರೆಯದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ. 1996ರಿಂದ ಅದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಹಣವಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಭಾಬಿಯು ಆ ಎರಡು ದಿನ ಯಾರಿಗೆ ಹೇಳುವುದೆಂದು ತಿಳಿಯದೆ ಕಳೆದರಲ್ಲ, ಆಗ ಈ ಸಂಖ್ಯೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಅಮ್ಮಿಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರಗಳಲ್ಲಿದೆ.

ಎರಡನೆಯ ಸಲ ಗುಳಿಗೆ ಆರಂಭಿಸಿದಾಗ ನಾವು ದಿನಕ್ಕೆ ಹತ್ತು ಸಲ ಅವನ ಮುಖ ನೋಡುವುದನ್ನು ಬಿಟ್ಟೆವು. ಅಮ್ಮಿ ಗುರುತು ಹಾಕುತ್ತಿದ್ದರು. ತಾವೀಜು ತೋಳಿನಲ್ಲಿಯೇ ಇತ್ತು, ಯಾರೂ ಬಿಚ್ಚು ಎನ್ನಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ಅಂಗಡಿಯ ಯಂತ್ರವನ್ನು ಮನೆಗೆ ತಂದು ಪಡಸಾಲೆಯಲ್ಲಿಟ್ಟಿದ್ದೆವು. ಮಗಳು ಅದರ ಮೇಲೆ ತನ್ನ ಓಢಣಿಯ ಅಂಚು ಹೊಲಿಯಲು ಹೋಗಿ ದಾರ ಸಿಕ್ಕಾಗಿಸಿ ಹಾಗೆಯೇ ಬಿಟ್ಟಿದ್ದಳು. ಐದನೆಯ ವಾರದ ಒಂದು ಬೆಳಿಗ್ಗೆ, ಫಜ್ರ್ ನಮಾಝ್ ಮುಗಿಸಿ ನಾವು ಮಸೀದಿಯಿಂದ ಬರುವಷ್ಟರಲ್ಲಿ, ಅಣ್ಣ ದೀಪ ಹಚ್ಚಿಕೊಂಡು ಯಂತ್ರದ ಮುಂದೆ ಬಗ್ಗಿ ಕುಳಿತಿದ್ದ. ನಮ್ಮನ್ನು ಕಂಡವನೇ ಗದರಿದ: ಈ ಬಾಬಿನ್ ಯಾರು ಮುಟ್ಟಿದ್ದು? ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡುತ್ತೀರೇನು? ಎಣ್ಣೆಯ ಡಬ್ಬಿ ಎಲ್ಲಿ?

ಒಳಗಿನಿಂದ ಅಮ್ಮಿಯು ಎಣ್ಣೆಯ ಡಬ್ಬಿ ತಂದುಕೊಟ್ಟು, ಅಡುಗೆಮನೆಗೆ ಮರಳಿ ಬಹಳ ಹೊತ್ತು ಒಲೆಯ ಮುಂದೆ ನಿಂತಿದ್ದರು. ಒಲೆ ಹಚ್ಚಿರಲಿಲ್ಲ.